ಹಂಡೆಯ ಬೆನ್ನಿಗೆ ಚಳಿ

ಚಳಿಯ ವಿಷಯದಲ್ಲಿ ಜನ ಸುಳ್ಳು ಹೇಳುವಷ್ಟು ವಯಸ್ಸಿನ ವಿಷಯದಲ್ಲೂ ಹೇಳುವುದಿಲ್ಲ. ಇದು ಅಕ್ಕನ ಮಾತು. ಬೆಟ್ಟ ಹತ್ತಿ, ಎರಡು ಮರಗಳ ನಡುವೆ ಜೋಲಿ ಕಟ್ಟಿ ಮಲಗುವ ಹುಚ್ಚಿನವರು ಅವಳ ಅಂಗಡಿಗೆ ಬರುತ್ತಿದ್ದರು. ಬಂದ ಗಂಡಸರಲ್ಲಿ ಮುಕ್ಕಾಲು ಪಾಲು ಎದೆ ಉಬ್ಬಿಸಿ, "ನಂಗೆ ಚಳಿಯೇ ಆಗಲ್ಲ ಅಕ್ಕ, ತೆಳ್ಳಗಿರೋ ರಜಾಯೀನೇ ಕೊಡಿ" ಎನ್ನುತ್ತಿದ್ದರು. ಅಕ್ಕ ಅವರನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಪಕ್ಕದಲ್ಲಿ ನಿಂತ ಹೆಂಡತಿಯನ್ನು ಕೇಳುತ್ತಿದ್ದಳು: "ಏನಮ್ಮಾ, ಮನೇಲಿ ಹೊದಿಕೆ ಎಳ್ಕೊಳ್ಳೋದು ಯಾರು?" ಹೆಂಡತಿ ನಗು ತಡೆಯಲಾರದೆ ಆ ಕಡೆ ತಿರುಗಿದರೆ ಅಲ್ಲಿಗೆ ತೀರ್ಮಾನವಾಯಿತು. ಅಕ್ಕ ಏಣಿ ಹತ್ತಿ ದಪ್ಪನೆಯದನ್ನೇ ಕೆಳಗಿಳಿಸುತ್ತಿದ್ದಳು.

ಅವಳು ಹೊಲಿಯುತ್ತಿದ್ದದ್ದು ಅಡಿರಜಾಯಿ. ಮಂಚದ ಮೇಲೆ ಮಲಗುವ ನಮಗೆ ನಿಮಗೆ ಇದು ಸುಲಭಕ್ಕೆ ಅರ್ಥವಾಗುವುದಿಲ್ಲ. ಜೋಲಿಯಲ್ಲಿ ಮಲಗಿದವನಿಗೆ ಚಳಿ ಬರುವುದು ಮೇಲಿನಿಂದಲ್ಲ, ಬೆನ್ನ ಕೆಳಗಿನಿಂದ. ಒಳಗೆ ಎಷ್ಟೇ ಹಾಸಿಕೊಳ್ಳಿ, ಮೈಭಾರಕ್ಕೆ ಅದೆಲ್ಲ ಅಪ್ಪಚ್ಚಿಯಾಗುತ್ತದೆ. ಅಪ್ಪಚ್ಚಿಯಾದದ್ದು ಬಿಸಿ ಹಿಡಿಯುವುದಿಲ್ಲ. ಅದಕ್ಕೇ ಬಾತುಕೋಳಿಯ ಎದೆಯ ತುಪ್ಪುಳ ತುಂಬಿದ ರಜಾಯಿಯನ್ನು ಜೋಲಿಯ ಹೊರಗೆ, ಅದರ ಹೊಟ್ಟೆಗೆ ತಾಗಿದಂತೆ ತೂಗುಹಾಕುತ್ತಾರೆ. ಬಿಗಿಯಾಗಿ ಕಟ್ಟಿದರೆ ತುಪ್ಪುಳ ಉಸಿರಾಡುವುದಿಲ್ಲ, ಸಡಿಲ ಬಿಟ್ಟರೆ ನಡುವೆ ಗಾಳಿ ನುಗ್ಗುತ್ತದೆ. ಕಡಿಮೆ ತುಂಬಿದರೆ ನಡುಕ. ಹೆಚ್ಚು ತುಂಬಿದರೂ ಆಪತ್ತೇ, ಏಕೆಂದರೆ ಮೈ ಬೆವರುತ್ತದೆ, ಬೆವರು ತುಪ್ಪುಳಕ್ಕೆ ಇಳಿಯುತ್ತದೆ, ಒದ್ದೆಯಾದ ತುಪ್ಪುಳ ಮುಂಜಾವಿನ ಚಳಿಗೆ ಮುದ್ದೆಯಾಗಿ ಕೂರುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂಥ ಕೆಲಸ.

"ರಜಾಯಿಗೆ ತನ್ನದು ಅಂತ ಬಿಸಿ ಇಲ್ಲ ಕಣ್ರೀ," ಎಂದು ಅಕ್ಕ ಕೊಳ್ಳಲು ಬಂದವರಿಗೆಲ್ಲ ಹೇಳುತ್ತಿದ್ದಳು. "ನಿಮ್ಮ ಮೈಯ ಬಿಸೀನ ಹಿಡಿದಿಡೋದಷ್ಟೇ ಅದರ ಕೆಲಸ." ಹೇಳಿ ಹೇಳಿ ಅವಳ ಬಾಯಲ್ಲಿ ಆ ಮಾತು ಸವೆದು ಹೋಗಿತ್ತು. ಸವೆದ ಮಾತನ್ನು ಆಡುವವರು ಕೇಳಿಸಿಕೊಳ್ಳುವುದಿಲ್ಲ.

ಈ ವಿದ್ಯೆ ಅವಳಿಗೆ ಯಾರೂ ಕಲಿಸಿದ್ದಲ್ಲ. ತಾಯಿ ತೀರಿಕೊಂಡಾಗ ಅಕ್ಕ ಕೋಟು ಹೊಲಿಯುವ ಕಾರ್ಖಾನೆಯಲ್ಲಿ ಗುಂಡಿ ಹಚ್ಚುತ್ತಿದ್ದಳು. ತಮ್ಮ ಇನ್ನೂ ಮೂಗು ಒರೆಸಿಕೊಳ್ಳಲು ಕಲಿತಿರಲಿಲ್ಲ. ಅವನನ್ನು ಸಾಕಿ ಬೆಳೆಸುವುದರಲ್ಲೇ ಅವಳ ಮದುವೆಯ ವಯಸ್ಸು ಕಳೆಯಿತು; ಅದನ್ನು ಅವಳು ತ್ಯಾಗ ಎಂದು ಯಾರ ಮುಂದೆಯೂ ಹೇಳಿಕೊಂಡವಳಲ್ಲ. ತಮ್ಮ ದೊಡ್ಡವನಾದ ಮೇಲೆ ಬೆಟ್ಟಕ್ಕೆ ಹೋಗುವವರ ಗಂಟುಮೂಟೆ ಹೊರುವ ಕೆಲಸ ಹಿಡಿದ. ಒಂದು ಸಲ ಯಾರೋ ಬಿಸಾಕಿ ಹೋದ ಹರಿದ ಅಡಿರಜಾಯಿಯನ್ನು ಎತ್ತಿ ತಂದು ಅವಳ ಮುಂದೆ ಹಾಕಿದ. "ಇದೇನೋ ಇದು, ತೊಟ್ಟಿಲಿಗೆ ಪೈಜಾಮ ಹೊಲಿದ ಹಾಗಿದೆ!" ಎಂದು ಅಕ್ಕ ನಕ್ಕಳು. ಆದರೆ ಕೈ ಸುಮ್ಮನಿರಬೇಕಲ್ಲ. ಹೊಲಿಗೆ ಬಿಚ್ಚಿ ನೋಡಿದಳು. ಒಳಗೆ ಗೂಡು ಗೂಡಾಗಿ ಖಾನೆಗಳು, ಒಂದೊಂದರಲ್ಲೂ ತುಪ್ಪುಳ. ಮತ್ತೆ ಮುಚ್ಚಿ ಹೊಲಿದಳು. ಮೊದಲಿಗಿಂತ ಚೆನ್ನಾಗಿ ಬಂತು. ಅಲ್ಲಿಂದ ಶುರುವಾದದ್ದು ಅವರಿಬ್ಬರ ಅಂಗಡಿ, ಇಳಿಜಾರು ಬೀದಿಯ ಕೊನೆಯಲ್ಲಿ, ಸೈಕಲ್ ರಿಪೇರಿಯವನ ಗೋಡೆಗೆ ಒತ್ತಿಕೊಂಡು.

ಮುಂದಿನ ಕೋಣೆಯಲ್ಲಿ ಮೇಜು, ಹೊಲಿಗೆ ಯಂತ್ರ, ಗೋಡೆಯುದ್ದಕ್ಕೂ ಕೊಕ್ಕೆಗಳಿಗೆ ನೇತುಹಾಕಿದ ರಜಾಯಿಗಳು. ಹಿಂದಿನದು ತುಂಬುವ ಕೋಣೆ. ಅಲ್ಲಿ ಫ್ಯಾನ್ ಇಲ್ಲ, ಕಿಟಕಿ ತೆಗೆಯುವಂತಿಲ್ಲ, ಜೋರಾಗಿ ಸೀನುವಂತೆಯೂ ಇಲ್ಲ. ಒಂದು ಸೀನಿಗೆ ಅರ್ಧ ದಿನದ ಕೆಲಸ ಸೂರಿಗೆ ಹಾರಿ ಹೋಗುತ್ತಿತ್ತು. ಅಕ್ಕ ಅಲ್ಲಿಂದ ಹೊರಬಂದರೆ ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗೆ. ಸೈಕಲ್‌ನವನು, "ಏನಕ್ಕ, ಒಳಗೆ ಹೋಗುವಾಗ ಹರೆಯ, ಬರುವಾಗ ಮುಪ್ಪು" ಎಂದು ಛೇಡಿಸುತ್ತಿದ್ದ. ತುಂಬುವುದು ಮುಗಿದ ಮೇಲೆ ರಜಾಯಿಯನ್ನು ಬಲ್ಬಿಗೆ ಅಡ್ಡ ಹಿಡಿದು ಎಲ್ಲಿ ಬೆಳಕು ತೂರುತ್ತದೆ ಎಂದು ನೋಡುತ್ತಿದ್ದಳು. ಬೆಳಕು ತೂರಿದಲ್ಲಿ ಚಳಿಯೂ ತೂರುತ್ತದೆ.

ಇಷ್ಟಾದರೂ ಅದು ಎಷ್ಟು ಚಳಿಗೆ ತಡೆಯುತ್ತದೆ ಎಂದು ಹೇಳುವವನು ತಮ್ಮ. ಅಂಗಡಿಯ ಹಿಂದಿನ ಇಳಿಜಾರಿನಲ್ಲಿ ಎರಡು ಮರಗಳಿದ್ದವು. ಹೊಸದಾಗಿ ಹೊಲಿದ ಪ್ರತಿಯೊಂದು ರಜಾಯಿಯನ್ನೂ ಅವನು ಅಲ್ಲಿ ಜೋಲಿಗೆ ಕಟ್ಟಿ, ಹಗ್ಗಕ್ಕೆ ಥರ್ಮಾಮೀಟರ್ ಸಿಕ್ಕಿಸಿ, ಅದರಲ್ಲಿ ಮಲಗಿ ಏಳುತ್ತಿದ್ದ. ಬೆಳಗ್ಗೆ ಒಳಗೆ ಬಂದು ಪಾದರಸ ಎಲ್ಲಿಗೆ ಇಳಿದಿತ್ತೆಂದು ಹೇಳಿ, "ಸರಿ ಇದೆ" ಎಂದರೆ ಮುಗಿಯಿತು, ಅದು ತಡೆಯುವ ಚಳಿಯ ಅಂಕಿ ರಜಾಯಿಯ ಮೂಲೆಗೆ ಬೀಳುತ್ತಿತ್ತು. ಆದರೆ ಅವನ ಮೈ ಸಾಮಾನ್ಯದ ಮೈಯಲ್ಲ. ಗುಂಡಗೆ, ಕೆಂಪಗೆ, ಸದಾ ಕಾದಿರುವ ಮೈ. ಎಲ್ಲರೂ ಅವನನ್ನು ಹಂಡೆ ಎಂದೇ ಕರೆಯುತ್ತಿದ್ದರು. ಅದಕ್ಕೇ ಅಕ್ಕ ಅವನು ಹೇಳಿದ್ದಕ್ಕಿಂತ ಸ್ವಲ್ಪ ಕಡಿಮೆ ಚಳಿಯ ಅಂಕಿ ಹಾಕುತ್ತಿದ್ದಳು, ನಮ್ಮಂಥ ತಣ್ಣನೆ ಮೈಯವರಿಗಾಗಿ. ಅದು ಅವರ ಮನೆಯ ಅಳತೆ. ಬೇರೆಯವರಿಗೆ ಯಂತ್ರಗಳಿದ್ದವಂತೆ, ಅಕ್ಕನಿಗೆ ಹಂಡೆ ಇದ್ದ.

"ಮದುವೆ ಯಾಕಾಗಲಿಲ್ಲ?" ಎಂದು ಯಾರಾದರೂ ಕೇಳಿದರೆ ಹಂಡೆ, "ನನ್ನ ಪಕ್ಕ ಮಲಗಿದವಳು ಬೆಂದು ಹೋಗ್ತಾಳೆ, ಪಾಪ" ಎನ್ನುತ್ತಿದ್ದ. ತನ್ನ ಬಿಸಿಯ ಬಗ್ಗೆ ಅವನಿಗೆ ಅಷ್ಟು ಹೆಮ್ಮೆ. ಬೇರೆ ಆಸ್ತಿ ಅವನಿಗೂ ಇರಲಿಲ್ಲ.

ಒಂದು ವರ್ಷ ಚಳಿ ಇನ್ನೂ ಸರಿಯಾಗಿ ಕಾಲಿಟ್ಟಿರಲಿಲ್ಲ. ಹಂಡೆ ಬೆಳಗ್ಗೆ ಒಳಗೆ ಬಂದವನು ಎಂದಿನಂತೆ "ಸರಿ" ಎನ್ನಲಿಲ್ಲ. "ಅಕ್ಕ, ಬೆನ್ನಿಗೆ ಚಳಿ" ಎಂದ.

"ಕಟ್ಟಿದ್ದು ಸಡಿಲ ಆಯ್ತೇನೋ?"

"ಇಲ್ಲ, ಚೆನ್ನಾಗೇ ಕಟ್ಟಿದ್ದೆ."

ಅಕ್ಕ ರಜಾಯಿಯನ್ನು ಬಲ್ಬಿಗೆ ಹಿಡಿದಳು. ಎಲ್ಲೂ ಬೆಳಕು ತೂರಲಿಲ್ಲ. ಆದರೂ ಖಾನೆ ಬಿಚ್ಚಿ ಒಂದೊಂದು ಚಿಟಿಕೆ ತುಪ್ಪುಳ ಸೇರಿಸಿದಳು. ಹಂಡೆ ಮತ್ತೆ ಮಲಗಿ ಎದ್ದು ಬಂದು, "ಹೂಂ, ಈಗ ಪರವಾಗಿಲ್ಲ" ಎಂದ. ಇಬ್ಬರಿಗೂ ಸಮಾಧಾನವಾಯಿತು. ರಜಾಯಿ ಮಾರಾಟವಾಯಿತು.

ಮುಂದಿನದಕ್ಕೂ ಅದೇ ಮಾತು. ಅದರ ಮುಂದಿನದಕ್ಕೂ. ಅಕ್ಕ ಚಿಟಿಕೆಯಿಂದ ಹಿಡಿಗೆ ಬಂದಳು. ಬಟ್ಟೆಯ ನೇಯ್ಗೆ ಜಾಳಾಯಿತೇನೋ ಎಂದು ಬಟ್ಟೆ ಬದಲಿಸಿದಳು. ಕೆಳಗಿನ ಕಣಿವೆಯಿಂದ ಗಾಳಿ ಹೊಡೆಯುತ್ತದೇನೋ ಎಂದು ಜೋಲಿಯ ದಿಕ್ಕು ಬದಲಿಸಿದರು. ಆಗಲೂ ಬೆನ್ನಿಗೆ ಚಳಿ. ಕೊನೆಗೆ ಅವಳ ಸಿಟ್ಟು ಹೋಗಿ ಬಿದ್ದದ್ದು ಗರಿಯಣ್ಣನ ಮೇಲೆ.

ಗರಿಯಣ್ಣ ಎಂದರೆ ತುಪ್ಪುಳ ಮಾರುವ ಮುದುಕ. ಅಂಗಡಿ ಶುರುವಾದಾಗಿನಿಂದ ಮೂಟೆ ಹೊತ್ತು ತಂದು ಕೊಡುತ್ತಿದ್ದವನು ಅವನೇ. ಅಕ್ಕನನ್ನು ತಂಗಿ ಎಂದೇ ಕರೆಯುವವನು. ಅವನು ಮೂಟೆ ಇಳಿಸಿ ಬೆವರು ಒರೆಸಿಕೊಳ್ಳುವ ಮೊದಲೇ ಅಕ್ಕ ಶುರು ಮಾಡಿದಳು.

"ಹಳೇ ದಿಂಬಿನ ಗರಿ ಬೆರೆಸ್ತಾ ಇದ್ದೀಯ ಅಣ್ಣ ನೀನು. ನಂಗೊತ್ತು."

"ನಾನಾ? ಏನಮ್ಮ ತಂಗಿ, ಕೈ ಹಾಕಿ ನೋಡು."

"ನೋಡೋದೇನು? ಹಂಡೆಗೇ ಚಳಿಯಾಗುತ್ತೆ ಅಂದ್ಮೇಲೆ ಮಾಲು ಕೆಟ್ಟಿದೆ ಅಂತಲೇ ಅರ್ಥ!"

ಮುದುಕ ಹಂಡೆಯ ಕಡೆ ನೋಡಿದ. ಹಂಡೆ ಚಹಾದ ಲೋಟವನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದು, "ಹೌದು ಗರಿಯಣ್ಣ, ಮೊದಲಿನ ಹಾಗಿಲ್ಲ" ಎಂದ. ಹಂಡೆಯ ಮಾತಿಗೆ ಎದುರು ಮಾತಿರಲಿಲ್ಲ. ಮುದುಕ ಇಳಿಸಿದ ಮೂಟೆಯನ್ನು ಮತ್ತೆ ಹೆಗಲಿಗೇರಿಸಿಕೊಂಡು, ಬೀದಿ ಹತ್ತಿ ಹೋದ. ಅವನು ಹೋಗುವುದನ್ನು ನೋಡುತ್ತಾ ಅಕ್ಕ ಬಾಗಿಲವರೆಗೆ ಬಂದಳು. ಆದರೂ ಕರೆಯಲಿಲ್ಲ. ಬೇರೆಯವನಿಂದ ತರಿಸಿದ ತುಪ್ಪುಳಕ್ಕೂ ಹಂಡೆ ಅದನ್ನೇ ಹೇಳಿದ.

ಈ ನಡುವೆ ಕೊಂಡವರು ಬೇರೆಯೇ ರಾಗ ಹಾಡುತ್ತಿದ್ದರು. ಪ್ರತಿ ರಜೆಗೂ ಬೆಟ್ಟಕ್ಕೆ ಹೋಗುವ ಶಾಲೆಯ ಟೀಚರೊಬ್ಬರು ಬಂದು, "ಅಕ್ಕ, ಈ ಸಲದ್ದು ಏನು ಹೊಲಿದಿದ್ದೀರಿ? ಮಲಗಿದ್ದೀನೋ ಇಡ್ಲಿ ಹಾಗೆ ಬೇಯ್ತಿದ್ದೀನೋ ಗೊತ್ತಾಗ್ಲಿಲ್ಲ" ಎಂದರು. ಅಕ್ಕ ನಕ್ಕು, "ಚಳಿಗಿಂತ ವಾಸಿ ಬಿಡಿ, ಸೆಖೆ ಆದ್ರೆ ಒಂದು ಮೂಲೆ ಸಡಿಲ ಮಾಡಿ" ಎಂದು ಕಳಿಸಿದಳು. ಇನ್ನೊಬ್ಬ ಒದ್ದೆ ವಾಸನೆ ಹೊಡೆಯುವ ರಜಾಯಿ ತಂದು ಮೇಜಿನ ಮೇಲಿಟ್ಟ. ಬಿಸಿಲಿಗೆ ಹಾಕುವ ಬುದ್ಧಿಯಿಲ್ಲವೇ ಎಂದು ಅವನಿಗೇ ಬೈದಳು. ಕಣ್ಣಿದ್ದೂ ಕಾಣಲಿಲ್ಲ ಎನ್ನುತ್ತೇವಲ್ಲ, ಹಾಗೆ. ಊರಿಗೆಲ್ಲ ಸೆಖೆ, ಒಬ್ಬನಿಗೆ ಮಾತ್ರ ಚಳಿ ಎಂದರೆ ಕೆಟ್ಟಿರುವುದು ರಜಾಯಿಯೋ ಆ ಒಬ್ಬನೋ ಎಂದು ಹಾದಿಯಲ್ಲಿ ಹೋಗುವವರನ್ನು ಕೇಳಿದ್ದರೂ ಹೇಳುತ್ತಿದ್ದರು. ಆದರೆ ಅಳತೆಗೋಲನ್ನೇ ಅಳೆಯಬೇಕು ಎಂದು ಯಾರಿಗೆ ಹೊಳೆಯುತ್ತದೆ? ಅಕ್ಕನಿಗಂತೂ ಹೊಳೆಯಲಿಲ್ಲ. ಹಂಡೆಗೂ ಹೊಳೆಯಲಿಲ್ಲ, ಲೋಕದ ರಜಾಯಿಗಳೆಲ್ಲ ಕೆಟ್ಟಾವು, ತನ್ನ ಮೈ ತಣ್ಣಗಾಗುವುದುಂಟೇ ಎಂದೇ ಅವನು ನಂಬಿದ್ದ.

ಅವನ ಮೈ ಇಳಿದಿತ್ತು. ಅದು ಅವಳ ಕಣ್ಣಿಗೂ ಬಿದ್ದಿತ್ತು. ಪ್ಯಾಂಟು ಸಡಿಲವಾಯಿತೆಂದು ಅವನು ತಂದು ಕೊಟ್ಟಾಗ, "ಹಂಡೆ ಹೋಗಿ ಚೊಂಬಾಗ್ತಿದೆ" ಎಂದು ಹಾಸ್ಯ ಮಾಡುತ್ತಲೇ ಸೊಂಟ ಚಿಕ್ಕದು ಮಾಡಿ ಹೊಲಿದುಕೊಟ್ಟಳು. ಬೆಟ್ಟ ಹತ್ತಿಳಿದು ಕರಗಿದೆ, ಒಳ್ಳೆಯದೇ ಆಯಿತು ಎಂದುಕೊಂಡಳು. ಊಟ ಅರ್ಧಕ್ಕೇ ಬಿಟ್ಟು ಏಳುತ್ತಿದ್ದ. ತಟ್ಟೆಯಲ್ಲಿ ಬಿಟ್ಟದ್ದನ್ನು ಗೊಣಗುತ್ತಾ ತಾನೇ ತಿನ್ನುತ್ತಿದ್ದಳು. ಮುಂದೆ ಈ ಒಂದೊಂದನ್ನೂ ನೆನೆಸಿಕೊಂಡು ಅವಳು ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡದ್ದನ್ನು ಸೈಕಲ್‌ನವನು ನೋಡಿದ್ದಾನೆ.

ಚಳಿ ಗಟ್ಟಿಯಾದಾಗ ಅಕ್ಕ ಹಠಕ್ಕೆ ಬಿದ್ದು ಒಂದು ರಜಾಯಿ ಹೊಲಿದಳು. ಜನ್ಮದಲ್ಲಿ ಅಷ್ಟು ದಪ್ಪನೆಯದನ್ನು ಅವಳು ಹೊಲಿದಿರಲಿಲ್ಲ. ಬಾಗಿಲಲ್ಲಿ ಅದನ್ನು ಹೊರತರುವುದೇ ಕಷ್ಟವಾಯಿತು. "ಇದಕ್ಕೂ ಚಳಿ ಅಂದ್ರೆ ಅಂಗಡಿ ಮುಚ್ಚಿಬಿಡ್ತೀನಿ ನೋಡು" ಎಂದು ತಮ್ಮನಿಗೆ ಹೇಳಿ ಕಳಿಸಿದಳು.

ಬೆಳಕು ಹರಿಯುವ ಹೊತ್ತಿಗೆ ಅವಳೇ ಚಹಾ ಹಿಡಿದು ಇಳಿಜಾರಿಗೆ ಹೋದಳು. ಹುಲ್ಲಿನ ಮೇಲೆ ಮಂಜು ಉಪ್ಪಿನ ಹಾಗೆ ಕೂತಿತ್ತು. ಹಂಡೆ ಎಚ್ಚರವಾಗಿಯೇ ಇದ್ದ. ಮೂಗಿನ ತುದಿ ಮಾತ್ರ ಕಾಣುತ್ತಿತ್ತು.

"ಈಗ ಹೇಗಿದೆಯೋ?"

"ಕೋಪ ಮಾಡ್ಕೋಬೇಡ ಅಕ್ಕ." ಅವನು ತಪ್ಪು ಮಾಡಿದವನ ಹಾಗೆ ಹೇಳಿದ. "ಬೆನ್ನಲ್ಲಿ ಇನ್ನೂ ಗಾಳಿ ಆಡ್ತಿದೆ."

ಅಕ್ಕ ಲೋಟ ನೆಲದ ಮೇಲಿಟ್ಟು ಬಗ್ಗಿದಳು. ಜೋಲಿಗೂ ರಜಾಯಿಗೂ ನಡುವೆ ಅಂಗೈ ತೂರಿಸಿದಳು. ಎಷ್ಟೋ ಬೆಳಗುಗಳಲ್ಲಿ ಹಾಗೆ ಕೈ ತೂರಿಸಿದ್ದಾಳೆ. ಹಸು ಈಗಷ್ಟೇ ಎದ್ದು ಹೋದ ಜಾಗದ ಹಾಗೆ ಅಲ್ಲಿ ಬೆಚ್ಚಗಿರುತ್ತಿತ್ತು. ಈ ಸಲ ಗಾಳಿ ನುಗ್ಗುವ ಸಂದು ಎಲ್ಲೂ ಇರಲಿಲ್ಲ. ತುಪ್ಪುಳ ಪೊಗದಸ್ತಾಗಿ ಉಬ್ಬಿ ಜೋಲಿಗೆ ಹಿತವಾಗಿ ತಾಗಿಕೊಂಡಿತ್ತು. ಹೊಲಿಗೆಯಲ್ಲಿ, ಕಟ್ಟಿದ್ದರಲ್ಲಿ, ಮಾಲಿನಲ್ಲಿ ಒಂದು ಕೊರತೆಯೂ ಇಲ್ಲ. ಆದರೆ ಒಳಗೆ ತಣ್ಣಗಿತ್ತು. ಅವಳ ಕೈಯೇ ಅದಕ್ಕಿಂತ ಬೆಚ್ಚಗಿತ್ತು.

ಕೈ ಹಿಂದಕ್ಕೆ ತೆಗೆಯಲು ಅವಳಿಗೆ ಆಗಲಿಲ್ಲ. ಊರಿಗೆಲ್ಲ ಹೇಳುತ್ತಾ ಬಂದ ಮಾತು ಆಗ ಮೊದಲ ಸಲ ಅವಳ ಕಿವಿಗೆ ಬಿತ್ತು. ರಜಾಯಿಗೆ ತನ್ನದು ಅಂತ ಬಿಸಿ ಇಲ್ಲ. ಹಿಡಿದಿಡಲು ಮೈಯಲ್ಲಿ ಬಿಸಿ ಇರಬೇಕು.

"ಇಳಿಯೋ," ಎಂದಳು. "ಇಳಿದು ಬಾ. ಡಾಕ್ಟರ್ ಹತ್ರ ಹೋಗೋಣ."

"ಯಾಕೆ, ರಜಾಯಿ..."

"ರಜಾಯಿ ಮನೆ ಹಾಳಾಗ!"

ಹೊಟ್ಟೆಯಲ್ಲಿ ಗೆಡ್ಡೆ ಬೆಳೆದಿತ್ತು. ಅದು ಒಳಗೊಳಗೇ ರಕ್ತ ಸೋರಿಸುತ್ತಾ, ಲಿವರಿಗೂ ಹಬ್ಬಿ, ಮಾಡಬಾರದ್ದನ್ನೆಲ್ಲ ಮಾಡಿ ಮುಗಿಸಿತ್ತು. ಡಾಕ್ಟರಮ್ಮ ಒಳ್ಳೆಯ ಹೆಂಗಸು. ಕುರ್ಚಿ ಹತ್ತಿರ ಎಳೆದುಕೊಂಡು ಮೆಲ್ಲಗೆ ಮಾತಾಡಿದರು. ಮೈಯಲ್ಲಿ ರಕ್ತವೇ ಇಲ್ಲದಂತಾಗಿದೆ, ಅದಕ್ಕೇ ಚಳಿ ಎಂದರು. "ಯಾವಾಗಿನಿಂದ ಹೀಗೆ ಚಳಿ ಚಳಿ ಅಂತಿದ್ದಾರೆ?"

"ಚಳಿಗಾಲಕ್ಕೆ ಮೊದಲಿಂದ," ಎಂದಳು ಅಕ್ಕ.

"ಆಗಲೇ ಯಾಕೆ ಕರ್ಕೊಂಡು ಬರ್ಲಿಲ್ಲ?"

"ನಾವು ರಜಾಯಿ ಸರಿ ಇಲ್ಲ ಅಂದ್ಕೊಂಡ್ವಿ."

ಡಾಕ್ಟರಮ್ಮ ಅವಳ ಮುಖವನ್ನೇ ನೋಡಿದರು. ಅವರಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳುವ ಶಕ್ತಿ ಅಕ್ಕನಿಗೆ ಇರಲಿಲ್ಲ.

ಆಸ್ಪತ್ರೆಯಲ್ಲಿ ಮಾಡುವುದು ಹೆಚ್ಚೇನೂ ಉಳಿದಿಲ್ಲವೆಂದಾಗ ಅವನನ್ನು ಮನೆಗೆ ಕರೆತಂದಳು. ಅಂಗಡಿಯ ಮುಂದಿನ ಕೋಣೆಯಲ್ಲೇ ಒಲೆಯ ಪಕ್ಕ ಮಂಚ ಹಾಕಿದಳು. ಬೆನ್ನಿನ ಕೆಳಗೆ ಬಿಸಿನೀರಿನ ಚೀಲ, ಕಾಲಿಗೆ ಎರಡು ಜೊತೆ ಉಣ್ಣೆಯ ಕಾಲುಚೀಲ. ಸುದ್ದಿ ಕೇಳಿ ಗರಿಯಣ್ಣ ಬಂದ. ಬಾಗಿಲಲ್ಲೇ ಅಕ್ಕ ಅವನ ಎರಡೂ ಕೈ ಹಿಡಿದುಕೊಂಡು, "ನಿನ್ನ ಮಾಲು ಯಾವತ್ತೂ ಕೆಟ್ಟಿರಲಿಲ್ಲ ಅಣ್ಣ" ಎಂದಳು. ಮುದುಕ ಅವಳ ಕೈಯನ್ನು ಹಣೆಗೊತ್ತಿಕೊಂಡ. "ನಾನೂ ಮನೆಗೆ ಹೋಗಿ ಮೂಟೆಗಳನ್ನೆಲ್ಲ ಸುರಿದು ಹುಡುಕಿದೆ ತಂಗಿ, ಎಲ್ಲಿ ಕೆಟ್ಟಿದೆ ಅಂತ. ಹಂಡೆ ಸುಳ್ಳು ಹೇಳ್ತಾನಾ ಅಂದ್ಕೊಂಡೆ." ಅವನು ಹಂಡೆಯ ಪಾದದ ಬಳಿ ಕೂತು ಸಂಜೆಯವರೆಗೂ ಕಾಲು ಉಜ್ಜಿದ.

ಹಂಡೆಗೆ ತನ್ನ ಕಾಯಿಲೆಗಿಂತ ಹೆಚ್ಚಾಗಿ ಕೊರೆಯುತ್ತಿದ್ದದ್ದು ಇನ್ನೊಂದು. "ಅಕ್ಕ, ಆ ರಜಾಯಿಗಳನ್ನೆಲ್ಲ ವಾಪಸ್ ತರಿಸು. ನನ್ನ ಮೈ ನಂಬಿ ತುಂಬಿದ್ದೀಯ. ಯಾರಾದ್ರೂ ಮೇಲೆ ಹೋಗಿ, ಬೆವೆತು, ಅದೇ ಒದ್ದೇಲಿ ಮಲಗಿ ಏನಾದ್ರೂ ಆದ್ರೆ?" ಅಕ್ಕನಿಗೆ ಈಗ ಊರ ಉಸಾಬರಿ ಬೇಕಿರಲಿಲ್ಲ. ಆದರೆ ಅವನು ಬಿಡಲಿಲ್ಲ. ಅವಳು ಒಬ್ಬೊಬ್ಬರಿಗೂ ಫೋನ್ ಮಾಡಿದಳು. ಟೀಚರು ಮೊದಲು ತಂದುಕೊಟ್ಟರು. ಉಳಿದವರೂ ಒಬ್ಬರ ಹಿಂದೆ ಒಬ್ಬರು ಬಂದು, ಮಂಚದ ಮೇಲೆ ಮಲಗಿದವನನ್ನು ನೋಡಿ, ರಜಾಯಿ ಇಟ್ಟು ಹೋದರು.

ಬಿಚ್ಚುವುದನ್ನು ತಾನು ನೋಡಬೇಕು ಎಂದ ಹಂಡೆ. ಹಾಗಾಗಿ ಅಕ್ಕ ಹಿಂದಿನ ಕೋಣೆ ಬಿಟ್ಟು ಅವನ ಮಂಚದ ಪಕ್ಕವೇ ಕೂತು, ಹೊಲಿದ ಸರದಿಯಲ್ಲೇ ಬಿಚ್ಚತೊಡಗಿದಳು. ಹಳೆಯ ತೂಕ ಅವಳ ಕೈಗೆ ಗೊತ್ತಿತ್ತು. ಹೆಚ್ಚಾದದ್ದನ್ನು ತೆಗೆದು ಹೊದಿಕೆಯ ಮೇಲೆ, ಅವನ ಕಾಲ ಬಳಿ ಇಡುತ್ತಾ ಹೋದಳು. ಮೊದಲನೆಯದರಿಂದ ಬಂದದ್ದು ಒಂದು ಚಿಟಿಕೆ, ಉಗುರಿನಿಂದ ತೆಗೆಯುವಷ್ಟು. ಅದರ ಮುಂದಿನದರಿಂದ ಅರ್ಧ ಹಿಡಿ. ಆಮೇಲಿನದರಿಂದ ಒಂದು ಹಿಡಿ, ಅದಕ್ಕೂ ಆಮೇಲಿನದರಿಂದ ಬೊಗಸೆ. ಅವನು ಹೇಗೆ ಹೇಗೆ ಇಳಿಯುತ್ತಾ ಹೋದ ಎನ್ನುವುದು ಸಾಲಾಗಿ ಅವರ ಮುಂದೆ ಬಿದ್ದಿತ್ತು. ಕೊನೆಗೆ ಆ ದಪ್ಪನೆಯ ರಜಾಯಿಯನ್ನು ಬಿಚ್ಚಿದಳು. ಅದರಿಂದ ಬಂದ ರಾಶಿಯಲ್ಲಿ ಅವನ ಕಾಲೇ ಮುಚ್ಚಿಹೋಯಿತು.

"ನೀನು ಹೇಳ್ತಾನೇ ಇದ್ದೆ ಕಣೋ," ಎಂದಳು ಅಕ್ಕ. "ಚಳಿ ಅಕ್ಕ, ಚಳಿ ಅಕ್ಕ ಅಂತ ಬಾಯಿಬಿಟ್ಟು ಹೇಳ್ತಾನೇ ಇದ್ದೆ. ನಿಂಗೆ ಬಂದ ಕಾಯಿಲೆಗೆ ನಾನು ರಜಾಯಿಗೆ ಮದ್ದು ಮಾಡ್ದೆ."

ಹಂಡೆ ರಾಶಿಯನ್ನು ನೋಡಿದ. ಹೊಲಿಗೆ ಬಿಚ್ಚಿಸಿಕೊಂಡು ಇನ್ನೂ ಉಬ್ಬಿಕೊಂಡೇ ನೆಲದ ಮೇಲೆ ಬಿದ್ದಿದ್ದ ರಜಾಯಿಯನ್ನೂ ನೋಡಿದ. ಅವನ ಮುಖದಲ್ಲಿ ಹಳೆಯ ತುಂಟತನ ಸ್ವಲ್ಪ ಬಂತು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ್ರಂತೆ," ಎಂದ ನಿಧಾನವಾಗಿ, ಉಸಿರು ಸೇರಿಸಿಕೊಂಡು. "ಆದ್ರೂ ನಮ್ಮ ಎಮ್ಮೆ ನೋಡಕ್ಕ, ಏನು ಕೊಬ್ಬಿದೆ!"

ಅಕ್ಕನಿಗೆ ನಗು ಬಂದೇಬಿಟ್ಟಿತು. ಬಾಯಿ ತೆರೆದದ್ದಕ್ಕೆ ತುಪ್ಪುಳ ಹಾರಿ ನಾಲಿಗೆಗೆ ಅಂಟಿತು; ಕೆಮ್ಮಿದಳು, ಕೆಮ್ಮಿದ್ದಕ್ಕೆ ಇನ್ನಷ್ಟು ಹಾರಿತು. ಅವಳ ಪಾಡು ನೋಡಿ ಹಂಡೆಯೂ ನಕ್ಕ. ಪಕ್ಕದ ಗೋಡೆಯಾಚೆ ಚಕ್ರ ತಿರುಗಿಸುತ್ತಿದ್ದ ಸೈಕಲ್‌ನವನು ಕೈ ನಿಲ್ಲಿಸಿ ಕೇಳಿಸಿಕೊಂಡನಂತೆ. ಇಬ್ಬರೂ ಹಾಗೆ ನಕ್ಕದ್ದನ್ನು ಎಷ್ಟೋ ದಿನದಿಂದ ಅವನು ಕೇಳಿರಲಿಲ್ಲ. ನಗು ಎಲ್ಲಿ ಮುಗಿಯಿತು, ಅಳು ಎಲ್ಲಿ ಶುರುವಾಯಿತು ಎನ್ನುವುದು ಗೋಡೆಯಾಚೆಗೆ ತಿಳಿಯುವ ಸಂಗತಿಯಲ್ಲ. ಹಂಡೆ ಅದಾದ ಮೇಲೆ ಹೆಚ್ಚು ದಿನ ಇರಲಿಲ್ಲ. ಬಿಚ್ಚಿದ ರಜಾಯಿಗಳಿಗೆಲ್ಲ ಮತ್ತೆ ಹೊಲಿಗೆ ಹಾಕಿ, ಅವನು ಹೇಳಿದಂತೆ ವಾಪಸ್ ಬಂದದ್ದರಲ್ಲಿ ಒಂದನ್ನೂ ಬಿಡದೆ, ಅಕ್ಕ ಅವರವರ ಮನೆಗೆ ಮುಟ್ಟಿಸಿದಳು. ರಜಾಯಿಗಳ ಮೂಲೆಯಲ್ಲಿದ್ದ ಚಳಿಯ ಅಂಕಿಗಳು ಈಗ ಸರಿಯಾಗಿದ್ದವು.